ಹನ್ನೊಂದು ಗಂಟೆಯ ಹಿಮ

ನಮ್ಮ ಸಂಘದ ವಾರ್ಷಿಕ ಸಂಚಿಕೆಯ ಕರಡು ಪ್ರತಿ ಕಳೆದ ತಿಂಗಳು ಕೈಗೆ ಬಂತು. ನಡುಪುಟದಲ್ಲಿ ಬಣ್ಣದ ಚಿತ್ರವೊಂದಿದೆ. ಹಿಮದ ಮೇಲೆ ನಿಂತ 11 ಜನ, ಕೈಯಲ್ಲಿ ಹಳದಿ ಕೆಂಪು ಬಾವುಟ, ಬೆನ್ನ ಹಿಂದೆ ಕಣ್ಣು ಕೋರೈಸುವ ಬೆಳಕು. ಕೆಳಗೆ ದಪ್ಪ ಅಕ್ಷರಗಳಲ್ಲಿ, ‘ಹಿಮಾಲಯದ ಶಿಖರವನ್ನು ಜಯಿಸಿದ ದೆಹಲಿಯ ಕನ್ನಡಿಗರು’. ಆ 11 ಜನರಲ್ಲಿ ನಾವೂ ಇದ್ದೇವೆ. ಚಿತ್ರವನ್ನು ತೆಗೆದದ್ದು ಬಂಡೆಯೊಂದರ ಮೇಲೆ ಫೋನು ನಿಲ್ಲಿಸಿ. ಮೂಲದಲ್ಲಿ 13 ಜನರಿದ್ದರು. ಎಡತುದಿಯಲ್ಲಿದ್ದ ಮಾರ್ಗದರ್ಶಕನನ್ನೂ ಬಲತುದಿಯಲ್ಲಿದ್ದ ಅವನ ಸಹಾಯಕ ಹುಡುಗನನ್ನೂ ಕತ್ತರಿಸಿ ಚಿತ್ರವನ್ನು ಪುಟದ ಅಳತೆಗೆ ಹೊಂದಿಸಲಾಗಿದೆ. ಸಂಪಾದಕ ಮಂಡಳಿಗೆ ಆಕ್ಷೇಪಣೆ ಬರೆದೆವು. ‘ಸಂಭ್ರಮದ ಸಂಚಿಕೆ, ಇರಲಿ ಬಿಡಿ, ಪರವಾಗಿಲ್ಲ’ ಎಂಬ ಸೌಜನ್ಯದ ಉತ್ತರ ಬಂತು.

ಪರವಾಗಿದೆ. ಆದ್ದರಿಂದಲೇ ಈ ಬರಹ.

ಮೊದಲು ಬೆಟ್ಟದ ವಿಷಯ. ಗಢವಾಲದ ಜೋಶಿಮಠದಿಂದ ತಪೋವನದ ಕಡೆಗೆ ಹೋಗುವ ದಾರಿಯಲ್ಲಿ ಢಾಕ್ ಎಂಬ ಹಳ್ಳಿಯಿದೆ. ಅಲ್ಲಿಂದ ಗುಲಿಂಗ್, ಖುಲ್ಲಾರ ಎಂಬ ಎರಡು ತಂಗುದಾಣಗಳನ್ನು ದಾಟಿದರೆ ಒಂದು ದಾರಿ ಕುವಾರಿ ಕಣಿವೆಯತ್ತ ತಿರುಗುತ್ತದೆ, ಇನ್ನೊಂದು ಪಂಗರ್ಚುಲ್ಲಾದ ನೆತ್ತಿಯತ್ತ ಏರುತ್ತದೆ. ನೆತ್ತಿಯ ಎತ್ತರ ಸುಮಾರು 4,590 ಮೀಟರ್. ಖುಲ್ಲಾರದಿಂದ ಲೆಕ್ಕ ಹಾಕಿದರೆ ಒಂದೇ ದಿನದಲ್ಲಿ ಸರಿಸುಮಾರು 1,200 ಮೀಟರ್ ಹತ್ತಿ, ಅಷ್ಟನ್ನೂ ಇಳಿಯಬೇಕು. ಹಗ್ಗ ಕಟ್ಟಿಕೊಂಡು ನೇತಾಡಬೇಕಾದ ಶಿಖರವಲ್ಲ. ಮಂಡಿ, ಶ್ವಾಸಕೋಶ ಗಟ್ಟಿಯಿರುವ ನಡುವಯಸ್ಕರು ಹತ್ತಬಹುದು ಎಂದು ಎಲ್ಲರೂ ಹೇಳುತ್ತಾರೆ. ಹೇಳುವುದು ನಿಜವೂ ಹೌದು. ಆದರೆ ಆ ಮಾತಿಗೆ ಒಂದು ಷರತ್ತಿದೆ. ಏಪ್ರಿಲ್ ತಿಂಗಳಲ್ಲಿ ಅದನ್ನು ಸೂರ್ಯನಿಗಿಂತ ಮೊದಲು ಹತ್ತಬೇಕು.

ನಮ್ಮ ಭಾಷೆಗೆ ಹಿಮದ ಪರಿಚಯ ಕಡಿಮೆ. ಮಂಜು ಎಂದರೆ ಕೊಡಗಿನ ಬೆಳಗಿನ ಮುಸುಕೂ ಆಗಬಹುದು, ಹಿಮಾಲಯದ ಬಿಳಿಯ ರಾಶಿಯೂ ಆಗಬಹುದು. ಹಿಮ ಎಂದರೆ ಉದುರುವುದೂ ಅದೇ, ಹೆಪ್ಪುಗಟ್ಟಿ ಗಾಜಾಗುವುದೂ ಅದೇ. ಇದು ಕೊರತೆಯಲ್ಲ, ನಮ್ಮ ಭೂಗೋಳ. ಇಬ್ಬನಿಗೂ ಆಲಿಕಲ್ಲಿಗೂ ತುಂತುರಿಗೂ ಜಡಿಮಳೆಗೂ ನಮ್ಮಲ್ಲಿ ಬೇರೆ ಬೇರೆ ಹೆಸರಿವೆ, ಏಕೆಂದರೆ ಅವುಗಳೊಡನೆ ನಮಗೆ ವ್ಯವಹಾರವಿದೆ. ವ್ಯವಹಾರವಿಲ್ಲದ ವಸ್ತುವಿನ ಬಳಿಗೆ ಹೋಗುವವರು ವ್ಯವಹಾರವಿರುವವರ ಮಾತನ್ನು ಕೇಳಬೇಕೆಂಬುದು ಸಾಮಾನ್ಯ ವಿವೇಕ. ಅಂದು ನಾವು ಕೇಳಲಿಲ್ಲ.

ವಸಂತದ ಹಿಮ ಒಂದೇ ವಸ್ತುವಲ್ಲ, ದಿನದಲ್ಲಿ ಎರಡು ವಸ್ತು. ಹಗಲಿನ ಬಿಸಿಲಿಗೆ ಮೇಲ್ಪದರ ಕರಗಿ ಒದ್ದೆಯಾಗುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಆ ಪದರ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಮತ್ತೆ ಗಟ್ಟಿಯಾಗುತ್ತದೆ. ಬೆಳಗಿನ ಜಾವ 4 ಗಂಟೆಗೆ ಅದರ ಮೇಲೆ ಬೂಟಿಗೆ ಕಟ್ಟಿದ ಮುಳ್ಳುಪಟ್ಟಿ ಕಚ್ಚಿ ನಿಲ್ಲುತ್ತದೆ. ಕೆಳಗೆ ಎಷ್ಟು ಆಳವಿದೆ, ಏನಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ರಾತ್ರಿ ಮೋಡ ಮುಚ್ಚಿದ್ದರೆ ಶಾಖ ಹೊರಟುಹೋಗಲು ದಾರಿಯಿಲ್ಲ. ಹೆಪ್ಪು ಹಾಕಿಟ್ಟ ಹಾಲು ಬೆಳಿಗ್ಗೆ ನೋಡಿದರೆ ಮೇಲೆ ಕೆನೆಯಷ್ಟೇ ಗಟ್ಟಿ, ಒಳಗೆ ನೀರು ಎನ್ನುವಂಥ ಸ್ಥಿತಿ ಅದು. ಬಿಸಿಲೇರಿದಂತೆ ಕರಗಿದ ನೀರು ಒಳಕ್ಕೆ ಇಳಿಯುತ್ತದೆ, ಹರಳುಗಳ ನಡುವಿನ ಅಂಟು ಬಿಡುತ್ತದೆ, ಇಳಿಜಾರಿನಲ್ಲಿ ಮೇಲ್ಪದರ ತನ್ನದೇ ಭಾರಕ್ಕೆ ಜಾರತೊಡಗುತ್ತದೆ. ಪಂಗರ್ಚುಲ್ಲಾದ ಮೇಲ್ಭಾಗವೆಲ್ಲ ಬಂಡೆಗಳ ರಾಶಿ. ಬಿಸಿಲಿಗೆ ಕಾದ ಬಂಡೆ ಸುತ್ತಲಿನ ಹಿಮವನ್ನು ಒಳಗಿಂದಲೇ ಕರಗಿಸಿ ಟೊಳ್ಳು ಮಾಡಿರುತ್ತದೆ. ಮೇಲೆ ನಯವಾದ ಬಿಳುಪು, ಅಡಿಯಲ್ಲಿ ಕಾಲು ಸಿಕ್ಕಿಕೊಳ್ಳುವ ಗುಂಡಿ. ಇದೆಲ್ಲ ರಹಸ್ಯ ವಿದ್ಯೆಯಲ್ಲ. ಹಿಂದಿನ ಸಂಜೆ ಊಟದ ಡೇರೆಯಲ್ಲಿ ಮಾರ್ಗದರ್ಶಕ ಇದನ್ನೆಲ್ಲ ನಮಗೆ ಹಿಂದಿಯಲ್ಲಿ ವಿವರಿಸಿದ್ದ. ನಾವು ತಲೆಯಾಡಿಸಿದ್ದೆವು. 2 ಗಂಟೆಗೆ ಹೊರಡುವುದು, ಎಲ್ಲಿದ್ದರೂ 10 ಗಂಟೆಗೆ ಹಿಂತಿರುಗುವುದು ಎಂದು ನಿಶ್ಚಯವಾಗಿತ್ತು.

ಹೊರಟದ್ದು 4 ಗಂಟೆ 15 ನಿಮಿಷಕ್ಕೆ. ಈ ಎರಡೂಕಾಲು ಗಂಟೆ ಎಲ್ಲಿ ಹೋಯಿತೆಂದು ಈಗ ಯೋಚಿಸಿದರೆ ಒಂದು ದೊಡ್ಡ ಕಾರಣವೂ ಸಿಗುವುದಿಲ್ಲ. ಒಬ್ಬರ ಕಾಲ್ಚೀಲ ಒದ್ದೆಯಾಗಿತ್ತು, ಪರವಾಗಿಲ್ಲ, ಬದಲಿಸಿಕೊಳ್ಳಿ. ಇನ್ನೊಬ್ಬರಿಗೆ ಕಾಫಿಯಿಲ್ಲದೆ ಹೊಟ್ಟೆ ಸರಿಹೋಗುವುದಿಲ್ಲ, ಪರವಾಗಿಲ್ಲ, ನೀರು ಕಾಯಿಸೋಣ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರ ತಲೆದೀಪದ ಬ್ಯಾಟರಿ ಮುಗಿದಿತ್ತು. ಹೆಣ್ಣುಮಕ್ಕಳಿಬ್ಬರು ಹೇಳಿದ ಹೊತ್ತಿಗೆ ಸಿದ್ಧರಾಗಿ ಚಳಿಯಲ್ಲಿ ನಿಂತಿದ್ದರು, ಅವರಿಗೂ ನಾವು ಹೇಳಿದ್ದು ಅದೇ ಪದ. ‘ಪರವಾಗಿಲ್ಲ’ ಎಂಬುದು ನಮ್ಮ ನಾಡಿನ ಸೌಮ್ಯತೆಯ ಲಕ್ಷಣವೆಂದು ಹೊರನಾಡಿನಲ್ಲಿ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮದುವೆಮನೆಯಲ್ಲಿ ಅದು ಗುಣ. ವಸಂತದ ಹಿಮದ ಮೇಲೆ ಅದೇ ಪದ ಗಂಟೆಗಳನ್ನು ತಿನ್ನುತ್ತದೆ.

ಇದರ ಮೇಲೆ ಆ ರಾತ್ರಿ ಮೋಡವಿತ್ತು. ಹೊರಡುವ ಮುನ್ನ ಮಾರ್ಗದರ್ಶಕ ಡೇರೆಯ ಹಿಂದಿನ ಹಿಮಕ್ಕೆ ಕೋಲು ಚುಚ್ಚಿ ನೋಡಿದ. ಕೋಲು ಸಲೀಸಾಗಿ ಇಳಿಯಿತು. ಅವನು ನಮ್ಮ ತಂಡದ ಮುಖ್ಯಸ್ಥರ ಮುಖ ನೋಡಿದ. ಅವರು ‘ಹೋಗಿ ನೋಡೋಣ’ ಎಂದರು.

ಮೇಲಕ್ಕೆ ಹೋದ ಕಥೆಯನ್ನು ಬಣ್ಣಿಸುವುದಿಲ್ಲ. ಅಂಥ ಬಣ್ಣನೆ ನಮ್ಮ ಸಂಚಿಕೆಗಳಲ್ಲಿ ಬೇಕಾದಷ್ಟಿದೆ. ಚೌಖಂಬಾ ಕಂಡಿತು, ಹಾಥಿ ಪರ್ವತ ಕಂಡಿತು, ದ್ರೋಣಗಿರಿ ಕಂಡಿತು. ದ್ರೋಣಗಿರಿಯ ಬಗ್ಗೆ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇವೆ. ಅದರ ತಪ್ಪಲಿನ ಹಳ್ಳಿಯವರು ಇವತ್ತಿಗೂ ಹನುಮಂತನನ್ನು ಪೂಜಿಸುವುದಿಲ್ಲ. ಸಂಜೀವಿನಿಗಾಗಿ ತಮ್ಮ ಬೆಟ್ಟವನ್ನು ಹೇಳದೆ ಕೇಳದೆ ಕಿತ್ತುಕೊಂಡು ಹೋದನೆಂಬ ಸಿಟ್ಟು. ಜಗತ್ತೆಲ್ಲ ಸಾಹಸವೆಂದು ಹಾಡಿದ್ದನ್ನು ಬೆಟ್ಟದ ಮನೆಯವರು ಬೇರೆ ರೀತಿ ನೆನಪಿಟ್ಟುಕೊಂಡಿದ್ದಾರೆ. ಆ ಬೆಟ್ಟಕ್ಕೆ ಮುಖಮಾಡಿ ನಾವು ಬಾವುಟ ಹಿಡಿದೆವು.

10 ಗಂಟೆಗೆ ನಾವು ಕೊನೆಯ ಬಂಡೆರಾಶಿಯ ಬುಡದಲ್ಲಿದ್ದೆವು. ಹಿಂತಿರುಗಬೇಕಾದ ಹೊತ್ತು. ಯಾರೂ ಗಡಿಯಾರ ನೋಡಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ಸುಳ್ಳು. ಎಲ್ಲರೂ ನೋಡಿದೆವು. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡಿದೆವು. ನೋಡಿ, ಅಂಗಿಯ ತೋಳನ್ನು ಮತ್ತೆ ಕೆಳಕ್ಕೆ ಎಳೆದುಕೊಂಡೆವು. ಬೂಟು ಮೊಳಕಾಲಿನವರೆಗೆ ಹುಗಿಯುತ್ತಿತ್ತು. ಮುಂದೆ ಹೆಜ್ಜೆಗುಳಿ ಮಾಡುತ್ತಿದ್ದ ಮಾರ್ಗದರ್ಶಕ ನಿಂತು, ‘ಬರ್ಫ್ ಕಚ್ಚೀ ಹೋ ಗಯೀ ಹೈ ಸಾಬ್, ಅಬ್ ಲೌಟ್‌ನಾ ಚಾಹಿಯೇ’ ಎಂದ. ಕಾಣುತ್ತಿರುವ ನೆತ್ತಿಗೆ ಇನ್ನೆಷ್ಟು ದೂರ ಎಂದು ಯಾರೋ ಕೇಳಿದರು. ಒಂದು ಗಂಟೆ ಎಂದ. ಅಷ್ಟೇ ತಾನೇ ಎಂದರು ಇನ್ಯಾರೋ. ದೆಹಲಿಯಿಂದ ಇಷ್ಟು ದೂರ ಬಂದು, ರಜೆ ಹೊಂದಿಸಿ, ಹಣ ಕಟ್ಟಿ, ಎಂದು ಮತ್ತೊಬ್ಬರು. ‘ನಿನ್ನ ಬಗ್ಗೆ ಒಳ್ಳೆಯದು ಬರೆಯುತ್ತೇವೆ’ ಎಂದರು ಮಗದೊಬ್ಬರು ನಗುತ್ತ. ಆ ನಗುವಿನ ಅರ್ಥ ನಮಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ನಾವು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಕಡತ ಬರೆಯುವವರು. ಕಚೇರಿಯ ನಿಧಾನವನ್ನು ಹಾಸ್ಯ ಮಾಡದವರಿಲ್ಲ. ಆದರೆ ಅಲ್ಲಿ ಒಂದು ಕುರ್ಚಿ ಕೊಳ್ಳಬೇಕಾದರೂ ಯಾರೋ ಒಬ್ಬರು ಪ್ರಸ್ತಾಪಿಸಿ, ಇನ್ನೊಬ್ಬರು ಒಪ್ಪಿ, ಹೆಸರು, ದಿನಾಂಕ ಬರೆದು ಸಹಿ ಹಾಕಬೇಕು. ಮುಂದೆ ತಪ್ಪಾದರೆ ಸಹಿ ಯಾರದೆಂದು ಹುಡುಕಬಹುದು. ಆ ಬಂಡೆರಾಶಿಯ ಬುಡದಲ್ಲಿ 13 ಜೀವಗಳ ವಿಷಯದಲ್ಲಿ ಒಂದು ತೀರ್ಮಾನವಾಯಿತು, ಅದಕ್ಕೆ ಯಾರ ಸಹಿಯೂ ಇಲ್ಲ. ‘ಮುಂದುವರಿಯಲು ತೀರ್ಮಾನಿಸಲಾಯಿತು’ ಎಂದು ಸಂಚಿಕೆಯ ಲೇಖನ ಹೇಳುತ್ತದೆ. ಯಾರಿಂದ? ಕರ್ಮಣಿ ಪ್ರಯೋಗದಲ್ಲಿ ಕರ್ತೃವನ್ನು ಅಡಗಿಸುವ ಕಲೆಯನ್ನು ನಾವು ಕಚೇರಿಯಲ್ಲಿ ಚೆನ್ನಾಗಿ ಬಲ್ಲೆವು, ಆದ್ದರಿಂದ ಆ ವಾಕ್ಯ ನಮ್ಮನ್ನು ಮೋಸಗೊಳಿಸಲಾರದು. ತಂಡದ ಮುಖ್ಯಸ್ಥರನ್ನು ಮಾತ್ರ ದೂರುವುದೂ ಸಲ್ಲದು. ಅವರು ತಿರುಗಿ ನಮ್ಮೆಲ್ಲರ ಮುಖ ನೋಡಿದರು. ಒಬ್ಬರು ಬೇಡವೆಂದಿದ್ದರೆ ಅವರಿಗೂ ಸುಲಭವಾಗುತ್ತಿತ್ತು. ಹತ್ತು ಜನರ ಉತ್ಸಾಹವನ್ನು ಕೆಡಿಸುವವರೆನಿಸಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಹನ್ನೊಂದು ಮಂದಿಯೂ ಬೇರೆ ಹತ್ತು ಮಂದಿಗೆ ಬೇಕೆಂದುಕೊಂಡು ಮುಂದೆ ಹೋದೆವು.

ನೆತ್ತಿ ತಲುಪಿದ್ದು 11 ಗಂಟೆ 10 ನಿಮಿಷಕ್ಕೆ. ಅಲ್ಲಿದ್ದದ್ದು ಕಾಲು ಗಂಟೆ. ಚಿತ್ರ ಆಗಿನದು.

ಇಳಿಯುವಾಗ ಹಿಮ ಸೊಂಟದವರೆಗೆ ಹುಗಿಯಿತು. ಪಕ್ಕದ ಇಳಿಜಾರಿನಲ್ಲಿ ಹಿಮದ ಉಂಡೆಗಳು ತಾವಾಗಿ ಉರುಳುತ್ತಿದ್ದವು. ಅದನ್ನು ಚಂದವೆಂದು ಒಬ್ಬರು ವಿಡಿಯೊ ಮಾಡಿದರು, ಮಾರ್ಗದರ್ಶಕ ಗದರಿದ. ಅದು ಜಾರಲು ಸಿದ್ಧವಾಗಿರುವ ಪದರದ ಮುನ್ಸೂಚನೆ. ಕುಳಿತು ಜಾರಿಬಿಡೋಣವೆಂದ ತರುಣನಿಗೂ ಬೈಗುಳ ಬಿತ್ತು: ಬೂಟಿನಲ್ಲಿ ಮುಳ್ಳುಪಟ್ಟಿ ಇರುವಾಗ ಕುಳಿತು ಜಾರಿದರೆ ಮುಳ್ಳು ಎಲ್ಲೋ ಕಚ್ಚಿ ನಿಲ್ಲುತ್ತದೆ, ದೇಹ ನಿಲ್ಲುವುದಿಲ್ಲ, ಕಣಕಾಲು ಮುರಿಯುತ್ತದೆ. ಬ್ಯಾಂಕಿನ ಹಿರಿಯರ ಕಾಲು ಎರಡು ಬಂಡೆಗಳ ನಡುವಿನ ಟೊಳ್ಳಿಗೆ ಇಳಿದು ಮಂಡಿ ತಿರುಚಿತು. ಅವರನ್ನು ಮೇಲೆತ್ತಲು ಸಹಾಯಕ ಹುಡುಗ ಅವರ ಕೆಳಬದಿಗೆ ಹೋಗಿ ನಿಂತ. ಅವರ ಭಾರ ಅವನ ಮೇಲೆ ಬಿದ್ದ ಕ್ಷಣ ಅವನ ಕಾಲಡಿಯ ಪದರ ಸರಿಯಿತು. ಸದ್ದೇನೂ ದೊಡ್ಡದಾಗಲಿಲ್ಲ, ಅಕ್ಕಿಯ ಮೂಟೆ ಎಳೆದಂತೆ. ಸುಮಾರು ನೂರಡಿ ಕೆಳಗೆ ಬಂಡೆಗೆ ಬಡಿದು ನಿಂತ. ಎದ್ದು ಕುಳಿತು, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು, ಮೇಲಕ್ಕೆ ನೋಡಿ ಅವನು ಕೂಗಿದ್ದು, ‘ಅಂಕಲ್‌ಜೀ ಠೀಕ್ ಹೈಂ?’ ಎಂದು.

ಮಣಿಕಟ್ಟು ಮುರಿದಿತ್ತು. ಒಂದು ಕೈಯಲ್ಲಿ ಅವನೂ, ಎರಡು ಕೈಯಲ್ಲಿ ಮಾರ್ಗದರ್ಶಕನೂ ಹಿರಿಯರನ್ನು ಕೆಳಕ್ಕೆ ತಂದರು. ನಾವು ಹತ್ತು ಮಂದಿ ನಮ್ಮ ನಮ್ಮ ಕಾಲುಗಳನ್ನು ಕೆಳಕ್ಕೆ ತಂದೆವು. ಡೇರೆ ಮುಟ್ಟಿದಾಗ ರಾತ್ರಿ 8 ಗಂಟೆ.

ಸಂಚಿಕೆಯ ಲೇಖನದಲ್ಲಿ ಇದು ‘ಸಣ್ಣಪುಟ್ಟ ಗಾಯಗಳ ಹೊರತು’ ಎಂಬ ಮೂರು ಪದ. ಇದನ್ನು ಎತ್ತಿದರೆ ನಮಗೆ ಬರುವ ಉತ್ತರಗಳು ಸಿದ್ಧವಾಗಿವೆ. ಸಾಹಸವೆಂದ ಮೇಲೆ ಅಪಾಯ ಇದ್ದೇ ಇರುತ್ತದೆ ಎನ್ನುತ್ತಾರೆ. ಇರುತ್ತದೆ, ಆಕಾಶ ಹಠಾತ್ತನೆ ಕೆಡಬಹುದು, ಕಲ್ಲುರುಳಬಹುದು. ಆದರೆ ಏಪ್ರಿಲ್‌ನ ಬಿಸಿಲಿಗೆ ಹಿಮ ಮೆತ್ತಗಾಗುವುದು ಆಕಸ್ಮಿಕವಲ್ಲ, ಪಂಚಾಂಗ. ಸೂರ್ಯ ಮೂಡುವ ಹೊತ್ತು ಹಿಂದಿನ ದಿನವೇ ಗೊತ್ತಿತ್ತು. ಗೊತ್ತಿರುವುದನ್ನು ಕಡೆಗಣಿಸಿ ಹೋಗುವುದಕ್ಕೆ ಸಾಹಸವೆಂಬ ಹೆಸರಿಟ್ಟರೆ ಆ ಪದದಲ್ಲಿ ಏನೂ ಉಳಿಯುವುದಿಲ್ಲ.

ಮಾರ್ಗದರ್ಶಕ ಒಪ್ಪಿದ್ದನಲ್ಲ ಎನ್ನುತ್ತಾರೆ. ಇದು ನಮಗೆ ಎಲ್ಲಕ್ಕಿಂತ ಅಸಹ್ಯವೆನಿಸಿದ ವಾದ. ಆ ಕಣಿವೆಯ ಬದುಕು ಈಗ ಎಷ್ಟು ತೆಳುವಾದ ಪದರದ ಮೇಲೆ ನಿಂತಿದೆಯೆಂದು ದಾರಿಯಲ್ಲೇ ಕಾಣುತ್ತದೆ. 2021ರ ಫೆಬ್ರವರಿ 7ರಂದು ಋಷಿಗಂಗೆಯಲ್ಲಿ ಬಂದ ಪ್ರವಾಹ ತಪೋವನದ ಜಲವಿದ್ಯುತ್ ಕಾಮಗಾರಿಯನ್ನು ನುಗ್ಗಿ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತು. 2023ರ ಜನವರಿಯಲ್ಲಿ ಜೋಶಿಮಠದ ಮನೆಗಳು ಬಿರುಕುಬಿಟ್ಟು ಕುಟುಂಬಗಳು ಬೀದಿಗೆ ಬಂದವು. ಮರಗಳನ್ನಪ್ಪಿಕೊಂಡು ಗೌರಾದೇವಿ ಮತ್ತು ಜೊತೆಯ ಹೆಂಗಸರು 1974ರಲ್ಲಿ ಗುತ್ತಿಗೆದಾರನ ಜನರನ್ನು ಹಿಮ್ಮೆಟ್ಟಿಸಿದ ರೇಣಿ ಗ್ರಾಮವೂ ಅದೇ ರಸ್ತೆಯಲ್ಲಿದೆ. ಅಲ್ಲಿನ ಹುಡುಗರಿಗೆ ಹಿಮ ಕರಗುವ ಈ ಕೆಲವು ವಾರಗಳು ಸುಗ್ಗಿ. ಸುಗ್ಗಿಯ ಕಾಲದಲ್ಲಿ, ಕೂಲಿ ಕೊಡುವ 11 ಜನ ಸುತ್ತ ನಿಂತು ‘ಒಳ್ಳೆಯದು ಬರೆಯುತ್ತೇವೆ’ ಎಂದಾಗ ಸಿಗುವ ಒಪ್ಪಿಗೆಯನ್ನು ಒಪ್ಪಿಗೆ ಎನ್ನುವುದಾದರೆ, ಊಳಿಗದವರೂ ಒಡೆಯನ ಮಾತಿಗೆ ಸದಾ ಒಪ್ಪಿಗೆಯನ್ನೇ ಕೊಡುತ್ತಿದ್ದರು. ಅವನು ಲೌಟ್‌ನಾ ಚಾಹಿಯೇ ಎಂದಿದ್ದ. ಅವನ ಅಭಿಪ್ರಾಯ ಅದು. ಆಮೇಲಿನದು ಅವನ ಬಡತನದ ಅಭಿಪ್ರಾಯ.

ಇನ್ನು ಮೂರನೆಯ ಉತ್ತರ, ಹಿರಿಯರಿಗೆ ತಯಾರಿ ಸಾಲದಾಗಿತ್ತು ಎಂಬುದು. ಮಹಾಪ್ರಸ್ಥಾನದ ಪ್ರಸಂಗ ನಮಗೆಲ್ಲ ಗೊತ್ತಿದೆ. ಪಾಂಡವರು ಹಿಮಾಲಯ ಹತ್ತುತ್ತಾರೆ. ದ್ರೌಪದಿ ಬೀಳುತ್ತಾಳೆ, ಸಹದೇವ ಬೀಳುತ್ತಾನೆ, ನಕುಲ, ಅರ್ಜುನ. ಪ್ರತಿ ಸಲವೂ ಭೀಮ ಕೇಳುತ್ತಾನೆ, ಇವರೇಕೆ ಬಿದ್ದರು ಎಂದು. ಪ್ರತಿ ಸಲವೂ ಧರ್ಮರಾಯನಲ್ಲಿ ಉತ್ತರವಿರುತ್ತದೆ: ಇವಳಿಗೆ ಪಕ್ಷಪಾತ, ಇವನಿಗೆ ಬುದ್ಧಿಯ ಗರ್ವ, ಇವನಿಗೆ ರೂಪದ ಗರ್ವ. ಕೊನೆಗೆ ಭೀಮನೂ ಬೀಳುತ್ತಾನೆ, ಅವನ ದೋಷವೂ ಸಿದ್ಧವಾಗಿರುತ್ತದೆ. ಪ್ರವಚನಗಳಲ್ಲಿ ಇದನ್ನು ವೈರಾಗ್ಯದ ಪಾಠವೆಂದು ಕೇಳಿದ್ದೇವೆ. ಆ ರಾತ್ರಿ ಡೇರೆಯಲ್ಲಿ ಹಿರಿಯರು ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದಾಗ, ಅವರಿಗೆ ಕೇಳುವಂತೆಯೇ, ‘ಮೂರು ತಿಂಗಳಿಂದ ನಡೆಯಿರಿ ಎಂದು ಹೇಳಿದ್ದೆವಲ್ಲ’ ಎಂದು ನಮ್ಮವರು ಮಾತಾಡಿಕೊಳ್ಳುವುದನ್ನು ಕೇಳಿದ ಮೇಲೆ ಆ ಕಥೆ ನಮಗೆ ಹಾಗೆ ಕೇಳಿಸುವುದಿಲ್ಲ. ಬಿದ್ದವರ ದೋಷವನ್ನು ಎಣಿಸಿಕೊಟ್ಟರೆ ತಿರುಗಿ ನೋಡಬೇಕಾಗುವುದಿಲ್ಲ. ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದದ್ದು ದೊಡ್ಡತನವೇ ಸರಿ. ಅವನು ದ್ರೌಪದಿ ಬಿದ್ದಲ್ಲಿ ನಿಲ್ಲಬಹುದಿತ್ತು ಎಂದು ಹೇಳಲು ನಮಗೆ ಈಗ ಸಂಕೋಚವಿಲ್ಲ.

2024ರ ಜೂನ್‌ನಲ್ಲಿ ಉತ್ತರಕಾಶಿ ಜಿಲ್ಲೆಯ ಸಹಸ್ರತಾಲ್ ದಾರಿಯಲ್ಲಿ ಕರ್ನಾಟಕದ ಚಾರಣಿಗರಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕು 9 ಜನ ತೀರಿಕೊಂಡರು. ಆ ವಾರ ದೆಹಲಿಯ ಕನ್ನಡಿಗರೆಲ್ಲ ದೂರವಾಣಿಗೆ ಅಂಟಿಕೊಂಡಿದ್ದೆವು. ಅವರದು ಬೇರೆ ಸಂದರ್ಭ, ಬೇರೆ ಆಕಾಶ; ಅವರ ವಿಷಯದಲ್ಲಿ ಕೋಣೆಯಲ್ಲಿ ಕುಳಿತು ತೀರ್ಪು ಬರೆಯುವ ಅಧಿಕಾರ ನಮಗಿಲ್ಲ. ಆದರೆ ಆ ವಾರ ಕಣ್ಣೀರಿಟ್ಟವರೇ, ಅದೇ ಬಾಯಲ್ಲಿ, ನಮ್ಮ ಬೆಟ್ಟದಿಂದ ಎಲ್ಲರೂ ಜೀವಂತ ಬಂದರೆಂಬ ಒಂದೇ ಕಾರಣಕ್ಕೆ ನಮ್ಮ ನಡವಳಿಕೆಯನ್ನು ಗೆಲುವೆನ್ನುವುದು ನಮಗೆ ಅರ್ಥವಾಗುವುದಿಲ್ಲ.

ನಿಯಮಗಳಿಂದ ಇದು ಸರಿಹೋಗುತ್ತದೆಂಬ ನಂಬಿಕೆಯೂ ನಮಗಿಲ್ಲ, ಸರ್ಕಾರದ ಉಪ್ಪು ತಿನ್ನುವವರಾಗಿದ್ದರೂ. 2018ರಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯ ಬುಗ್ಯಾಲ್ ಎನ್ನುವ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಕರ್ನಾಟಕದ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ಕೆಲಕಾಲ ನಿಲ್ಲಿಸಿತು. ಎರಡೂ ಬೇಕಾದ ಕ್ರಮಗಳೇ. ಆದರೆ ಬೆಳಿಗ್ಗೆ 10 ಗಂಟೆಗೆ ಬಂಡೆರಾಶಿಯ ಬುಡದಲ್ಲಿ ನಿಂತ 11 ಸುಶಿಕ್ಷಿತರಿಗೆ ಯಾವ ಇಲಾಖೆಯೂ ಬಾಯಿ ಕೊಡಲಾರದು.

ನಮ್ಮ ತಕರಾರು ಮುಖ್ಯವಾಗಿ ಬರವಣಿಗೆಯ ಬಗ್ಗೆ. ಹೊರನಾಡ ಸಂಘಗಳ ಸಂಚಿಕೆಗಳಲ್ಲಿ ಪ್ರವಾಸ ಕಥನವೇ ಅರ್ಧ ಭಾಗ. ಅದರಲ್ಲಿ ಹಿಮ ಸದಾ ಶ್ವೇತ, ಶಿಖರ ಸದಾ ಭವ್ಯ, ಸ್ಥಳೀಯರು ಸದಾ ಮುಗ್ಧರು, ನಾವು ಸದಾ ಧನ್ಯರು. ಹೊರಟ ಗಂಟೆ ಇರುವುದಿಲ್ಲ. ಎಂ.ಎ. ತರಗತಿಯಲ್ಲಿ ವರ್ಡ್ಸ್‌ವರ್ತ್ ಓದುವಾಗ ಒಂದು ಪ್ರಸಂಗ ಬರುತ್ತಿತ್ತು: 1790ರಲ್ಲಿ ಆಲ್ಪ್ಸ್ ದಾಟಲು ಹೊರಟ ಕವಿ ದಾರಿ ತಪ್ಪಿ, ಇನ್ನೂ ಮೇಲಕ್ಕೆ ಹೋಗಬೇಕೆಂದುಕೊಂಡಿರುವಾಗ, ಎದುರಾದ ರೈತನೊಬ್ಬ ನೀವಾಗಲೇ ದಾಟಿಬಿಟ್ಟಿದ್ದೀರಿ ಎಂದು ತಿಳಿಸುತ್ತಾನೆ. ತನ್ನ ಪೆಚ್ಚುತನವನ್ನು ಕವಿ ಮುಚ್ಚಿಡಲಿಲ್ಲ, ರೈತನನ್ನು ಕಾವ್ಯದಿಂದ ಕತ್ತರಿಸಲೂ ಇಲ್ಲ. ನಮ್ಮ ಮೇಷ್ಟರು ಆ ಭಾಗವನ್ನು ಕಲ್ಪನಾಶಕ್ತಿಯ ಬಗ್ಗೆ ಎಂದು ಪಾಠ ಮಾಡಿದರು. ಇರಬಹುದು. ನಮಗೆ ಈಗ ನೆನಪಾಗುವುದು ಆ ರೈತ.

ಹುಡುಗನ ವಿಷಯ ಉಳಿಯಿತು. ಮುರಿದ ಮಣಿಕಟ್ಟಿನಲ್ಲಿ ಮೂಟೆ ಹೊರಲಾಗದು. ಅವನಿಗೆ ಮೇ ಹೋಯಿತು, ಜೂನ್ ಹೋಯಿತು. ದೆಹಲಿಗೆ ಹೊರಡುವ ಮುನ್ನ ನಾವು ತಲಾ 500 ರೂಪಾಯಿಯಂತೆ 5,500 ರೂಪಾಯಿ ಸೇರಿಸಿ ಕೊಟ್ಟೆವು. ಕೊಡುವಾಗಲೂ ಚಿತ್ರ ತೆಗೆದೆವು. ಸಂಚಿಕೆಯ ನಡುಪುಟದ ಬಣ್ಣದ ಮುದ್ರಣಕ್ಕೆ ಅದಕ್ಕಿಂತ ಹೆಚ್ಚು ಖರ್ಚಾಗಿದೆಯೆಂದು ಖಜಾಂಚಿಯವರ ಲೆಕ್ಕದಲ್ಲಿ ನೋಡಿದೆವು.

ಸಂಪಾದಕ ಮಂಡಳಿಗೆ ನಾವು ಕೇಳಿರುವುದು ಮೂರು ತಿದ್ದುಪಡಿ. ಚಿತ್ರದಲ್ಲಿ 13 ಜನರೂ ಇರಲಿ. ‘ಜಯಿಸಿದ’ ಎಂಬ ಪದ ಹೋಗಲಿ. ಅಡಿಬರಹದಲ್ಲಿ ಹೊರಟ ಸಮಯ 4.15, ಹಿಂತಿರುಗಬೇಕಾಗಿದ್ದ ಸಮಯ 10, ನೆತ್ತಿ ತಲುಪಿದ ಸಮಯ 11.10, ಡೇರೆ ತಲುಪಿದ ಸಮಯ ರಾತ್ರಿ 8 ಎಂದು ಅಚ್ಚಾಗಲಿ. ಪುಟವಿನ್ಯಾಸ ಮುಗಿದಿದೆ, ಈಗ ಜಾಗವಿಲ್ಲ ಎಂದು ತಿಳಿಸಿದ್ದಾರೆ. ಅದೇ ಪತ್ರದ ಜೊತೆ ಮುಂದಿನ ಏಪ್ರಿಲ್‌ನ ಚಾರಣದ ಪ್ರಕಟಣೆಯೂ ಬಂದಿದೆ. ಹಿಂತಿರುಗುವ ವೇಳೆಯನ್ನು ಯಾರು ನಿರ್ಧರಿಸುತ್ತಾರೆ, ಆ ನಿರ್ಧಾರಕ್ಕೆ ಸಹಿ ಯಾರದು ಎಂದು ಕೇಳಿ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಹೆಸರುಗಳ ಪಟ್ಟಿ ಮಾತ್ರ ಭರ್ತಿಯಾಗಿದೆಯಂತೆ.